ಅಪ್ಪ-ಅಮ್ಮನಿಗೆ ಹೆಲ್ತ್ ಇನ್ಶೂರೆನ್ಸ್: ಪ್ರೀಮಿಯಂ ಆಮೇಲೆ ನೋಡಿ, ಮೊದಲು ಕ್ಲೈಮ್ ಕಡೆಯಿಂದ ಓದಿ

ಅಪ್ಪ-ಅಮ್ಮನಿಗೆ ಅರವತ್ತು ದಾಟಿದೆ. ಇಬ್ಬರಿಗೂ ಬಿಪಿ, ಒಬ್ಬರಿಗೆ ಶುಗರ್ ಕೂಡ. ಅವರು ಊರಲ್ಲಿ, ಮಕ್ಕಳು ಬೆಂಗಳೂರಲ್ಲಿ. ಈ ವಯಸ್ಸಿಗೆ ಇನ್ಶೂರೆನ್ಸ್ ಕೊಡ್ತಾರಾ, ಯಾವುದು ಮಾಡಿಸಲಿ ಎಂದು ನನ್ನನ್ನು ಕೇಳುವವರ ಕತೆ ಹೆಚ್ಚುಕಡಿಮೆ ಇದೇ. ಅವರ ಮೊದಲ ಪ್ರಶ್ನೆಯೂ ಒಂದೇ: ವರ್ಷಕ್ಕೆ ಎಷ್ಟು ಕಟ್ಟಬೇಕು?

ಅದನ್ನು ಕೊನೆಗೆ ಕೇಳಿ ಅಂತೀನಿ ನಾನು. ತಗೊಳ್ಳುವ ದಿನ ಎಲ್ಲ ಪಾಲಿಸಿಯೂ ಚೆನ್ನಾಗೇ ಕಾಣುತ್ತದೆ. ಅದು ಹೇಗಿದೆ ಅನ್ನುವುದು ಗೊತ್ತಾಗುವುದು ಡಿಸ್ಚಾರ್ಜ್ ದಿನ, ಬಿಲ್ಲಿಂಗ್ ಕೌಂಟರ್ ಮುಂದೆ ನಿಂತು "ಇಷ್ಟು ಇನ್ಶೂರೆನ್ಸ್ ಕೊಡ್ತಾರೆ, ಇಷ್ಟು ನೀವು ಕಟ್ಟಬೇಕು" ಎಂಬ ಮಾತು ಕೇಳಿದಾಗ. ಆ ದಿನವನ್ನು ಮನಸ್ಸಲ್ಲಿಟ್ಟುಕೊಂಡು ಹಿಂದಿನಿಂದ ಮುಂದಕ್ಕೆ ಪಾಲಿಸಿ ಓದಿ. ಹಾಗೆ ಓದುವುದು ಹೇಗೆ ಅಂತ ಹೇಳುತ್ತೇನೆ.

ವಯಸ್ಸಿನ ಭಯ ಮೊದಲು ಬಿಡಿ. 65 ದಾಟಿದವರಿಗೆ ಹೊಸ ಪಾಲಿಸಿ ಸಿಗುವುದಿಲ್ಲ ಅನ್ನುವ ಮಾತು ಹಳೆಯದು. 2024ರ ಏಪ್ರಿಲ್ 1ರಿಂದ ಬಂದ, ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ ನಿಯಮಗಳಲ್ಲಿ ಆ ಕಟ್ಟುಪಾಡು ಇಲ್ಲ. ಆದರೆ ಇಂಥವರಿಗೆ ಕೊಡಲೇಬೇಕು ಅಂತಲೂ ಇಲ್ಲ. ಕಂಪನಿ ಟೆಸ್ಟ್ ಮಾಡಿಸಿ, ರಿಪೋರ್ಟ್ ನೋಡಿ, ಜಾಸ್ತಿ ಪ್ರೀಮಿಯಂ ಕೇಳಬಹುದು ಅಥವಾ ಬೇಡ ಅನ್ನಬಹುದು. ಒಂದು ಕಡೆ ಬೇಡ ಅಂದರೆ ಇನ್ನೊಂದು ಕಡೆ ಕೇಳಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೂ ಪಾಲಿಸಿ ಕೊಡುವ ಕಂಪನಿಗಳಿವೆ, ಹುಡುಕಬೇಕು ಅಷ್ಟೇ.

ಈಗಾಗಲೇ ಏನಿದೆ ನೋಡಿ

ದುಡ್ಡು ಕಟ್ಟುವ ಮೊದಲು ಮನೆಯಲ್ಲಿ ಯಾವ ಕಾರ್ಡ್ ಇದೆ ಅಂತ ವಿಚಾರಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ರೆಫರಲ್ ತಗೊಂಡು ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಎಮರ್ಜೆನ್ಸಿಗೆ ರೆಫರಲ್ ಬೇಡ. ಅಪ್ಪ ಹಾಲಿನ ಸೊಸೈಟಿಯ ಅಥವಾ ಬೇರೆ ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆ ಬಗ್ಗೆ ಸಂಘದಲ್ಲೇ ಕೇಳಿ, ನೋಂದಣಿ ಶುರುವಾದಾಗ ತಪ್ಪಿಸಬೇಡಿ. ನಿಮ್ಮ ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದು ಇಎಸ್‌ಐ ಕಟ್ ಆಗುತ್ತಿದ್ದರೆ, ನಿಮ್ಮನ್ನೇ ನಂಬಿಕೊಂಡಿರುವ ಅಪ್ಪ-ಅಮ್ಮನ ಹೆಸರನ್ನೂ ಅದರಲ್ಲಿ ಸೇರಿಸಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಈ ಯೋಜನೆಗಳನ್ನು ಹಗುರವಾಗಿ ಕಾಣಬೇಡಿ. ಜಯದೇವ, ಕಿದ್ವಾಯಿಯಂಥ ಕಡೆ ಈ ಕಾರ್ಡ್‌ಗಳ ಮೇಲೆಯೇ ಚಿಕಿತ್ಸೆ ಪಡೆದು ಮನೆಗೆ ಬಂದವರು ಲೆಕ್ಕವಿಲ್ಲದಷ್ಟು ಇದ್ದಾರೆ. ಖಾಸಗಿ ಪಾಲಿಸಿ ಇದರ ಮೇಲೆ ಇರಲಿ, ಇದರ ಬದಲಿಗೆ ಬೇಡ.

ಆಫೀಸ್ ಇನ್ಶೂರೆನ್ಸ್‌ನಲ್ಲಿ ಅಪ್ಪ-ಅಮ್ಮ ಇದ್ದಾರಾ? ತುಂಬಾ ಒಳ್ಳೆಯದು, ಯಾಕೆಂದರೆ ಅಂಥ ಗ್ರೂಪ್ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಹಳೇ ಕಾಯಿಲೆಗೂ ಮೊದಲ ದಿನದಿಂದಲೇ ಕವರ್ ಇರುತ್ತದೆ. ಆದರೆ ಕೆಲಸ ಹೋದ ದಿನ ಅದೂ ಹೋಗುತ್ತದೆ. ಆಗ ಅಪ್ಪನಿಗೆ 68, ಹೊಸ ಪಾಲಿಸಿಯಲ್ಲಿ ಹಳೇ ಕಾಯಿಲೆಗೆ ಕವರ್ ಸಿಗಲು ಮತ್ತೆ ಮೂರು ವರ್ಷದವರೆಗೆ ಕಾಯುವ ಸ್ಥಿತಿ (ವೇಟಿಂಗ್ ಪೀರಿಯಡ್). ಆದ್ದರಿಂದ ಆಫೀಸ್‌ದು ಇರುವಾಗಲೇ ಸ್ವಂತದ್ದೊಂದು ಸಣ್ಣ ಪಾಲಿಸಿ ಮಾಡಿಸಿಡಿ. ಈ ಕಡೆ ಆಫೀಸ್ ಕವರ್ ಕಾಪಾಡುತ್ತಿರುತ್ತದೆ, ಆ ಕಡೆ ಸ್ವಂತ ಪಾಲಿಸಿಯ ವೇಟಿಂಗ್ ಪೀರಿಯಡ್ ಕರಗುತ್ತಾ ಹೋಗುತ್ತದೆ. ಕೆಲಸ ಬಿಡುವ ಸಂದರ್ಭ ಬಂದರೆ, ಗ್ರೂಪ್ ಪಾಲಿಸಿಯಿಂದ ಅದೇ ಇನ್ಶೂರೆನ್ಸ್ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಡ್ತೀರಾ ಅಂತ ಬಿಡುವ ಮೊದಲೇ ಎಚ್‌ಆರ್ ಹತ್ತಿರ ಕೇಳಿ.

ಮನೆಯವರೆಲ್ಲ ಒಂದೇ ಮೊತ್ತ ಹಂಚಿಕೊಳ್ಳುವ ನಿಮ್ಮ ಫ್ಯಾಮಿಲಿ ಫ್ಲೋಟರ್‌ಗೆ ಅಪ್ಪ-ಅಮ್ಮನನ್ನು ಸೇರಿಸಬೇಡಿ. ಫ್ಲೋಟರ್‌ನ ಪ್ರೀಮಿಯಂ ನಿಲ್ಲುವುದು ಅದರಲ್ಲಿ ಎಲ್ಲರಿಗಿಂತ ಹಿರಿಯರ ವಯಸ್ಸಿನ ಮೇಲೆ. ಅಪ್ಪನ ಒಂದು ಆಪರೇಷನ್‌ಗೆ ಹಣವೆಲ್ಲ ಖಾಲಿಯಾದರೆ ಮಗುವಿಗೆ ಡೆಂಗ್ಯೂ ಬಂದಾಗ ಕೈ ಬರಿದು. ಅವರದು ಬೇರೆ, ನಿಮ್ಮದು ಬೇರೆ ಇರಲಿ.

ರೂಮ್ ಬಾಡಿಗೆ: ಎಲ್ಲಕ್ಕಿಂತ ಮೊದಲು ಓದಬೇಕಾದ ಸಾಲು

ಏಜೆಂಟ್ ಕಳಿಸುವ ಬಣ್ಣದ ಬ್ರೋಷರ್ ಪಕ್ಕಕ್ಕಿಡಿ. ಎರಡು ಕಾಗದ ಕೇಳಿ. ಒಂದು, ಪಾಲಿಸಿ ವರ್ಡಿಂಗ್, ಅಂದರೆ ಪೂರ್ತಿ ಷರತ್ತು. ಇನ್ನೊಂದು, ಕಸ್ಟಮರ್ ಇನ್ಫರ್ಮೇಷನ್ ಶೀಟ್. ಇದು ಕೆಲವೇ ಪುಟ, ಯಾವುದಕ್ಕೆ ಕೊಡುತ್ತಾರೆ, ಯಾವುದಕ್ಕೆ ಕೊಡುವುದಿಲ್ಲ, ಎಷ್ಟು ದಿನ ಕಾಯಬೇಕು ಅನ್ನುವುದೆಲ್ಲ ಸರಳವಾಗಿ ಅದರಲ್ಲಿ ಇರಬೇಕು. ಬೇಕೆಂದರೆ ಇದನ್ನು ಕನ್ನಡದಲ್ಲೇ ಕೊಡಿ ಎಂದು ಕೇಳುವ ಹಕ್ಕು ನಿಮಗಿದೆ. ಕೇಳಿ. ಅಪ್ಪ ತಾವೇ ಓದಿಕೊಳ್ಳಲಿ, ಪಾಲಿಸಿ ಅವರದು.

ಅದರಲ್ಲಿ ಮೊದಲು ಹುಡುಕಬೇಕಾದ್ದು ರೂಮ್ ರೆಂಟ್ ಲಿಮಿಟ್. "ಸಮ್ ಇನ್ಶೂರ್ಡ್‌ನ ಶೇ. 1" (ಪಾಲಿಸಿಯ ಒಟ್ಟು ಮೊತ್ತದ ಶೇ. 1) ಎಂದಿದ್ದರೆ, 5 ಲಕ್ಷದ ಪಾಲಿಸಿಗೆ ದಿನಕ್ಕೆ 5,000 ರೂಪಾಯಿ ರೂಮ್. ಆಸ್ಪತ್ರೆಯಲ್ಲಿ ಆ ದರದ ರೂಮ್ ಖಾಲಿ ಇಲ್ಲ, 8,000ದ್ದು ಇದೆ ಅಂತಾರೆ. ದಿನಕ್ಕೆ 3,000 ತಾನೇ, ಕೈಯಿಂದ ಹಾಕಿದರಾಯಿತು ಎಂದು ಸಹಿ ಹಾಕುತ್ತೀರಿ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಆದರೆ ಲೆಕ್ಕ ಹಾಗೆ ನಡೆಯುವುದಿಲ್ಲ.

ಒಂದು ಬಿಲ್ ತೆಗೆದುಕೊಳ್ಳೋಣ. ಐದು ದಿನ, 8,000ದ ರೂಮ್: 40,000. ಸರ್ಜನ್ ಫೀಸು, ಅನಸ್ತೇಷಿಯಾ, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲ ಸೇರಿ: 1,60,000. ಔಷಧಿ, ಇಂಪ್ಲಾಂಟ್, ಸ್ಕ್ಯಾನ್, ರಕ್ತ ಪರೀಕ್ಷೆ: 60,000. ಒಟ್ಟು 2,60,000. ನಿಮಗಿದ್ದ ಹಕ್ಕು 5,000ದ ರೂಮ್, ತಗೊಂಡಿದ್ದು 8,000ದ್ದು. ಅಂದರೆ ಎಂಟರಲ್ಲಿ ಐದು ಪಾಲು, ಶೇ. 62.5. ಈಗ ಕಂಪನಿ ರೂಮ್‌ಗೆ 25,000 ಕೊಡುತ್ತದೆ. ಡಾಕ್ಟರ್ ಮತ್ತು ಥಿಯೇಟರ್ ಖರ್ಚಿಗೂ ಅದೇ ಶೇ. 62.5 ಹಾಕುತ್ತದೆ, 1,60,000ಕ್ಕೆ 1,00,000 ಬರುತ್ತದೆ. ಔಷಧಿ, ಇಂಪ್ಲಾಂಟ್, ಟೆಸ್ಟ್‌ಗಳಿಗೆ ಈ ಕಡಿತ ಮಾಡುವ ಹಾಗಿಲ್ಲ, ಅದು ಪೂರ್ತಿ 60,000. ಒಟ್ಟು ಸಿಕ್ಕಿದ್ದು 1,85,000. ಕೈಯಿಂದ 75,000. ರೂಮ್‌ನ ವ್ಯತ್ಯಾಸ ಬರೀ 15,000 ಆಗಿತ್ತು, ಉಳಿದ 60,000 ಯಾಕೆ ಹೋಯಿತು ಅನ್ನುವುದು ಕೌಂಟರ್ ಮುಂದೆ ನಿಂತವರಿಗೆ ಅರ್ಥವೇ ಆಗುವುದಿಲ್ಲ.

ಇದನ್ನು ಪ್ರಪೋರ್ಷನೇಟ್ ಡಿಡಕ್ಷನ್ ಅಂತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಡಾಕ್ಟರ್ ಫೀಸೂ ಥಿಯೇಟರ್ ಚಾರ್ಜೂ ರೂಮ್‌ನ ದರ್ಜೆಗೆ ತಕ್ಕಂತೆ ಏರುತ್ತದೆ, ಅದಕ್ಕೆ ಈ ನಿಯಮ. ಐಸಿಯು ಬಿಲ್‌ಗೆ ಇದು ಅನ್ವಯ ಆಗುವುದಿಲ್ಲ, ರೂಮ್‌ಗೆ ತಕ್ಕಂತೆ ದರ ಬದಲಾಗದ ಆಸ್ಪತ್ರೆಗಳಲ್ಲೂ ಆಗುವುದಿಲ್ಲ.

ಹಾಗಾಗಿ ನನ್ನ ಸಲಹೆ: ರೂಮ್ ಬಾಡಿಗೆಗೆ ಮಿತಿ ಇಲ್ಲದ ಪಾಲಿಸಿ ತಗೊಳ್ಳಿ, ಇಲ್ಲವೇ ಕನಿಷ್ಠ "ಸಿಂಗಲ್ ಪ್ರೈವೇಟ್ ರೂಮ್" ಎಂದು ಬರೆದಿರುವುದು. ಅದಕ್ಕೆ ಪ್ರೀಮಿಯಂ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಈಗಾಗಲೇ ಮಿತಿ ಇರುವ ಪಾಲಿಸಿ ಇದೆಯಾ? ಹಾಗಾದರೆ ಅಡ್ಮಿಷನ್ ಕೌಂಟರ್‌ನಲ್ಲಿ ಮೊದಲ ಮಾತೇ ಅದಾಗಲಿ: "ನಮ್ಮ ಲಿಮಿಟ್ ಇಷ್ಟು, ಆ ರೂಮ್ ಖಾಲಿ ಆದ ತಕ್ಷಣ ಬದಲಾಯಿಸಿ ಕೊಡಿ." ಟ್ವಿನ್ ಶೇರಿಂಗ್‌ನಲ್ಲಿ ಇರುವುದಕ್ಕೆ ಯಾವ ಮುಜುಗರವೂ ಬೇಡ. ಅದೇ ಡಾಕ್ಟರ್, ಅದೇ ಔಷಧಿ.

ಉಳಿದ ಮಿತಿಗಳು

ಕೋ-ಪೇ, ಅಂದರೆ ಪ್ರತಿ ಬಿಲ್‌ನಲ್ಲಿ ನೀವೇ ಕಟ್ಟಬೇಕಾದ ಪಾಲು, ನೋಡಿ. ಹಿರಿಯರ ಪಾಲಿಸಿಗಳಲ್ಲಿ ಶೇ. 20 ಕೋ-ಪೇ ಸಾಮಾನ್ಯ. 3 ಲಕ್ಷದ ಬಿಲ್‌ಗೆ 60,000 ನಿಮ್ಮ ಕೈಯಿಂದ, ಪ್ರತಿ ಸಲವೂ. ಪ್ರೀಮಿಯಂ ಕಡಿಮೆ ಕಾಣುತ್ತಿದ್ದರೆ ಬಹುತೇಕ ಇದೇ ಕಾರಣ. ಬಜೆಟ್ ಬಿಗಿ ಇದ್ದಾಗ ಕೋ-ಪೇ ಒಪ್ಪಿಕೊಳ್ಳುವುದರಲ್ಲಿ ತಪ್ಪಿಲ್ಲ, ಯಾವ ಪಾಲಿಸಿಯೂ ಇಲ್ಲದಿರುವುದಕ್ಕಿಂತ ಎಷ್ಟೋ ವಾಸಿ, ಆದರೆ ಆ ಶೇ. 20ರ ಹಣವನ್ನು ಎಫ್‌ಡಿಯಲ್ಲೋ ಎಲ್ಲೋ ಬೇರೆಯಾಗಿ ಇಟ್ಟುಕೊಂಡಿರಬೇಕು.

ಆಮೇಲೆ ಸಬ್-ಲಿಮಿಟ್. ಕಣ್ಣಿನ ಪೊರೆ, ಮಂಡಿ ಚಿಪ್ಪು ಬದಲಾವಣೆ, ಹರ್ನಿಯಾ ಇವಕ್ಕೆಲ್ಲ ಒಂದೊಂದಕ್ಕೆ ಇಷ್ಟೇ ಅಂತ ಪಾಲಿಸಿಯಲ್ಲಿ ಬರೆದಿರಬಹುದು. ಎಲ್ಲ ಕಂಪನಿಯಲ್ಲೂ ಒಂದೇ ಷರತ್ತಿನಲ್ಲಿ ಸಿಗುವ ಆರೋಗ್ಯ ಸಂಜೀವನಿ ಪಾಲಿಸಿ 2020ರಲ್ಲಿ ಬಂತು. ಅದರಲ್ಲಿ ಪೊರೆ ಆಪರೇಷನ್‌ಗೆ ಒಂದು ಕಣ್ಣಿಗೆ ಹೆಚ್ಚೆಂದರೆ 40,000, ಪ್ರತಿ ಕ್ಲೈಮ್‌ಗೂ ಶೇ. 5 ಕೋ-ಪೇ, ರೂಮ್‌ಗೆ ದಿನಕ್ಕೆ ಹೆಚ್ಚೆಂದರೆ 5,000. ಷರತ್ತು ಸರಳ, ಮೋಸವಿಲ್ಲ, ಬೇರೆ ಏನೂ ಹೊಂದದಿದ್ದರೆ ಧೈರ್ಯವಾಗಿ ತಗೊಳ್ಳಬಹುದು. ಆದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಆ ರೂಮ್ ಮಿತಿ ಸಾಲದು.

ವೇಟಿಂಗ್ ಪೀರಿಯಡ್ ಮೂರು ಬಗೆ. ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಕೊಡುವುದಿಲ್ಲ. ಪೊರೆ, ಹರ್ನಿಯಾ, ಪೈಲ್ಸ್, ಕಿಡ್ನಿ ಕಲ್ಲು, ಪಿತ್ತಕೋಶದ ಕಲ್ಲು, ಮಂಡಿ ಆಪರೇಷನ್ ಇಂಥವಕ್ಕೆ ಸಾಮಾನ್ಯವಾಗಿ ಎರಡು ವರ್ಷ, ಕೆಲವಕ್ಕೆ ಕೆಲವು ಪಾಲಿಸಿಯಲ್ಲಿ ಇನ್ನೂ ಜಾಸ್ತಿ. ಮೊದಲಿಂದಲೇ ಇರುವ ಬಿಪಿ, ಶುಗರ್‌ನಂಥ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ. 2024ರ ಏಪ್ರಿಲ್‌ಗೆ ಮುಂಚೆ ಇದು ನಾಲ್ಕು ವರ್ಷದವರೆಗೂ ಇರಬಹುದಿತ್ತು. ಜಾಸ್ತಿ ಪ್ರೀಮಿಯಂ ಕಟ್ಟಿದರೆ ಇದನ್ನು ಒಂದು ವರ್ಷಕ್ಕೋ 30 ದಿನಕ್ಕೋ ಇಳಿಸುವ ಪಾಲಿಸಿಗಳೂ ಇವೆ. ಶುಗರ್ ಇರುವವರಿಗೆ ಆ ಹೆಚ್ಚುವರಿ ದುಡ್ಡು ನಿಜಕ್ಕೂ ಕೊಡಬೇಕಾದ ದುಡ್ಡು ಅಂತ ನನ್ನ ಅಭಿಪ್ರಾಯ. ಶುಗರ್ ಇರುವವರ ಕಿಡ್ನಿ, ಹೃದಯ, ಕಾಲಿನ ಗಾಯ ಇದೆಲ್ಲವೂ ಆ ಕಾಯಿಲೆಯ ಲೆಕ್ಕಕ್ಕೇ ಬರಬಹುದು, ಹಾಗಾಗಿ ಆ ಮೂರು ವರ್ಷದಲ್ಲಿ ಕವರ್ ಆಗದೆ ಉಳಿಯುವುದು ಸಣ್ಣಪುಟ್ಟದ್ದಲ್ಲ.

ಫಾರ್ಮ್ ಮತ್ತು ಫೋನ್ ಕರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಮುಂದೆ ಬರುವ ತೊಂದರೆಯ ಬೇರು ಇಲ್ಲೇ ಇರುತ್ತದೆ.

ಪ್ರಪೋಸಲ್ ಫಾರ್ಮ್, ಅಂದರೆ ಪಾಲಿಸಿಗೆ ಹಾಕುವ ಅರ್ಜಿಯನ್ನು ಏಜೆಂಟ್ ಕೈಗೆ ಬಿಡಬೇಡಿ. "ಬಿಪಿ ಇದೆ ಅಂತ ಬರೆದರೆ ರಿಜೆಕ್ಟ್ ಆಗುತ್ತೆ ಸಾರ್, ಮಾತ್ರೆಯಲ್ಲಿ ಕಂಟ್ರೋಲ್ ಇದೆಯಲ್ಲ, ಬಿಡಿ" ಎನ್ನುವವರು ಇದ್ದಾರೆ. ಅವರ ಕಮಿಷನ್ ಆ ದಿನವೇ ಬರುತ್ತದೆ. ನಿಮ್ಮ ಕ್ಲೈಮ್ ಬರುವುದು ಎರಡು ವರ್ಷದ ನಂತರ, ಆಗ ಆಸ್ಪತ್ರೆಯ ಹಳೇ ಚೀಟಿಯಲ್ಲಿ ಬಿಪಿ ಎಂದು ಬರೆದಿರುತ್ತದೆ. ಕ್ಲೈಮ್ ಹೋಗುತ್ತದೆ, ಪಾಲಿಸಿಯೂ ಹೋಗಬಹುದು. ಐದು ವರ್ಷ ಎಡೆಬಿಡದೆ ಕಟ್ಟಿದ ಮೇಲೆ, ಅಂದರೆ 60 ತಿಂಗಳ ಮೊರಟೋರಿಯಂ ಮುಗಿದ ಮೇಲೆ, ವಂಚನೆ ಎಂದು ಸಾಬೀತಾಗದ ಹೊರತು "ಆಗ ಹೇಳಲಿಲ್ಲ" ಎಂಬ ಕಾರಣಕ್ಕೆ ಕ್ಲೈಮ್ ತಳ್ಳಿಹಾಕುವಂತಿಲ್ಲ. ಆದರೆ ಅರವತ್ತೈದರ ಅಪ್ಪನನ್ನು ಆ ಐದು ವರ್ಷದ ನಂಬಿಕೆಯ ಮೇಲೆ ಬಿಡುತ್ತೀರಾ?

ಒಂದು ಸಂಜೆ ಮನೆಯಲ್ಲಿ ಕೂತು ಪಟ್ಟಿ ಮಾಡಿ. ಅಮ್ಮಂದಿರ ವಿಷಯದಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಅವರು ಹೇಳುವುದೇ ಇಲ್ಲ. ಮಾತು ಹೀಗೆ ಹೋಗುತ್ತದೆ:

"ಅಮ್ಮ, ಏನಾದ್ರೂ ಆಪರೇಷನ್ ಆಗಿದೆಯಾ?"

"ಇಲ್ಲಪ್ಪ, ಏನಿಲ್ಲ."

"ಆವತ್ತು ಮೈಸೂರಿಗೆ ಹೋಗಿ ಒಂದು ವಾರ ಇದ್ದಿದ್ದು?"

"ಓ, ಅದಾ. ಗರ್ಭಕೋಶ ತೆಗೆಸಿದ್ದು. ಅದೆಲ್ಲ ಯಾಕೆ ಈಗ?"

ಅದೆಲ್ಲ ಬೇಕು. ಗರ್ಭಕೋಶ ತೆಗೆಸಿದ್ದು, ಥೈರಾಯ್ಡ್ ಮಾತ್ರೆ, ಹಿಂದೊಮ್ಮೆ ಬಂದ ಎದೆನೋವಿಗೆ ಮಾಡಿಸಿದ ಇಸಿಜಿ, ಎಲ್ಲ ಬರೆಯಿರಿ. ಮಾತ್ರೆಯ ಡಬ್ಬಿ ತಂದು ಮುಂದಿಟ್ಟುಕೊಳ್ಳಿ, ಒಂದೊಂದು ಸ್ಟ್ರಿಪ್ ನೋಡಿ ಇದು ಯಾತಕ್ಕೆ, ಯಾವಾಗಿಂದ ಅಂತ ಕೇಳಿ. ಬಾಯಲ್ಲಿ ಬರದೇ ಇದ್ದ ಕಾಯಿಲೆ ಡಬ್ಬಿಯಲ್ಲಿ ಸಿಗುತ್ತದೆ.

ಫಾರ್ಮ್ ಕೊಟ್ಟ ಮೇಲೆ ಕಂಪನಿಯ ಡಾಕ್ಟರ್ ಅಪ್ಪ-ಅಮ್ಮನಿಗೆ ಫೋನ್ ಮಾಡಿ ವಿಚಾರಿಸಬಹುದು. ಆ ಕರೆ ರೆಕಾರ್ಡ್ ಆಗುತ್ತದೆ. ನಮ್ಮ ಹಿರಿಯರಿಗೆ ಯಾರಾದರೂ "ಆರೋಗ್ಯ ಹೇಗಿದೆ" ಎಂದರೆ "ದೇವರ ದಯೆ, ಚೆನ್ನಾಗಿದ್ದೀವಿ, ಏನೂ ತೊಂದರೆ ಇಲ್ಲ" ಎನ್ನುವುದು ಅಭ್ಯಾಸ. ಮಾತಿನ ಮರ್ಯಾದೆ ಅದು. ಆದರೆ ಆ ಕರೆಯಲ್ಲಿ ಹಾಗೆ ಹೇಳಿದರೆ, ಕಾಯಿಲೆ ಇಲ್ಲವೆಂದು ಹೇಳಿದ ಹಾಗಾಯಿತು. ಮೊದಲೇ ತಿಳಿಸಿ ಹೇಳಿ. ಸಾಧ್ಯವಾದರೆ ಕರೆ ಬರುವ ಹೊತ್ತಿಗೆ ನೀವು ಪಕ್ಕದಲ್ಲಿರಿ, ಕನ್ನಡದಲ್ಲಿ ಮಾತಾಡುವವರು ಬೇಕು ಅಂತಲೂ ಕೇಳಿ.

ಪಾಲಿಸಿ ಕೈಗೆ ಬಂದ ಮೇಲೆ ಜೊತೆಯಲ್ಲಿ ಬರುವ ಫಾರ್ಮ್‌ನ ಪ್ರತಿಯನ್ನು ತೆರೆದು, ನೀವು ಹೇಳಿದ ಕಾಯಿಲೆ ಎಲ್ಲ ಅದರಲ್ಲಿ ಇದೆಯಾ ನೋಡಿ. ಏಜೆಂಟ್ "ಇಲ್ಲ" ಎಂದು ಟಿಕ್ ಮಾಡಿದ್ದರೆ ಆಗಲೇ ಇಮೇಲ್ ಮಾಡಿ ತಿದ್ದಿಸಿ. ಇಷ್ಟವಾಗದಿದ್ದರೆ 30 ದಿನದೊಳಗೆ ವಾಪಸ್ ಕೊಡಬಹುದು. ಟೆಸ್ಟ್ ಖರ್ಚು, ಸ್ಟಾಂಪ್ ಡ್ಯೂಟಿ, ಅಷ್ಟು ದಿನದ ಕವರ್‌ನ ಹಣ ಹಿಡಿದು ಉಳಿದದ್ದು ಕೊಡುತ್ತಾರೆ.

ಎಷ್ಟು ಲಕ್ಷ, ಯಾವ ಊರಿನ ವಿಳಾಸ

ಒಬ್ಬರಿಗೆ 5 ಲಕ್ಷದ ಬೇಸ್ ಪಾಲಿಸಿ, ಅಂದರೆ ಮೂಲ ಪಾಲಿಸಿ, ಅದರ ಮೇಲೆ ಒಂದು ಮೊತ್ತ ದಾಟಿದ ಬಿಲ್‌ಗೆ ಕೊಡುವ ಸೂಪರ್ ಟಾಪ್-ಅಪ್. ಹೆಚ್ಚಿನ ಮನೆಗಳಿಗೆ ಇದು ಸರಿಹೊಂದುತ್ತದೆ. ಟಾಪ್-ಅಪ್ ಬೇರೆ, ಸೂಪರ್ ಟಾಪ್-ಅಪ್ ಬೇರೆ. ಒಂದೇ ವರ್ಷದಲ್ಲಿ 4 ಲಕ್ಷದ ಒಂದು ಬಿಲ್, 3 ಲಕ್ಷದ ಇನ್ನೊಂದು ಬಿಲ್ ಬಂತು ಅನ್ನಿ. 5 ಲಕ್ಷ ಡಿಡಕ್ಟಿಬಲ್ (ಅಷ್ಟರವರೆಗಿನ ಬಿಲ್ ಅದು ಕೊಡುವುದಿಲ್ಲ) ಇರುವ ಮಾಮೂಲಿ ಟಾಪ್-ಅಪ್ ಒಂದು ರೂಪಾಯಿ ಕೊಡುವುದಿಲ್ಲ, ಯಾಕೆಂದರೆ ಯಾವ ಬಿಲ್ಲೂ ಒಂದೇ ಸಲಕ್ಕೆ 5 ಲಕ್ಷ ದಾಟಿಲ್ಲ. ಸೂಪರ್ ಟಾಪ್-ಅಪ್ ಎರಡನ್ನೂ ಕೂಡಿಸಿ, 7 ಲಕ್ಷ ಆಯಿತು, 5 ಕಳೆದು 2 ಲಕ್ಷ ಕೊಡುತ್ತದೆ. ಸೂಪರ್ ಅನ್ನುವ ಪದ ಇಲ್ಲದಿದ್ದರೆ ತಗೊಳ್ಳಬೇಡಿ.

ಇನ್ನು ವಿಳಾಸ. ಕೆಲವು ಕಂಪನಿಗಳು ಊರಿಗೆ ತಕ್ಕಂತೆ ಝೋನ್ ಮಾಡಿ ಪ್ರೀಮಿಯಂ ಹಾಕುತ್ತವೆ. ತಿಪಟೂರಿನ ವಿಳಾಸಕ್ಕೆ ಪ್ರೀಮಿಯಂ ಕಡಿಮೆ ಬರುತ್ತದೆ, ಆದರೆ ದೊಡ್ಡ ಕಾಯಿಲೆ ಬಂದರೆ ಅಪ್ಪನನ್ನು ನೀವು ಕರೆದುಕೊಂಡು ಹೋಗುವುದು ಬೆಂಗಳೂರಿಗೆ ತಾನೇ? ಅಂಥ ಕೆಲವು ಪಾಲಿಸಿಗಳಲ್ಲಿ ಮೇಲಿನ ಝೋನ್‌ನಲ್ಲಿ ಚಿಕಿತ್ಸೆ ಪಡೆದರೆ ಹೆಚ್ಚುವರಿ ಕೋ-ಪೇ ಬೀಳುತ್ತದೆ. ವಿಳಾಸ ಸುಳ್ಳು ಕೊಡಬೇಡಿ, ಆ ಷರತ್ತು ಇದೆಯಾ ಅಂತ ಕೇಳಿ, ಇದ್ದರೆ ಮೇಲಿನ ಝೋನ್‌ನ ಪ್ರೀಮಿಯಂ ಕಟ್ಟಲು ಬರುತ್ತದಾ ವಿಚಾರಿಸಿ. ನೆಟ್‌ವರ್ಕ್ ಆಸ್ಪತ್ರೆ, ಅಂದರೆ ಕಂಪನಿ ನೇರವಾಗಿ ಬಿಲ್ ಕಟ್ಟುವ (ಕ್ಯಾಶ್‌ಲೆಸ್) ಆಸ್ಪತ್ರೆಗಳ ಪಟ್ಟಿಯನ್ನೂ ಎರಡು ಕಡೆ ನೋಡಿ: ರಾತ್ರಿ ಹನ್ನೆರಡಕ್ಕೆ ಎದೆನೋವು ಬಂದರೆ ಊರ ಹತ್ತಿರ ಯಾವುದು, ದೊಡ್ಡ ಆಪರೇಷನ್‌ಗೆ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ಯಾವುದು. 2024ರ ಜನವರಿಯಲ್ಲಿ ಬಂದ ಕ್ಯಾಶ್‌ಲೆಸ್ ಎವೆರಿವೇರ್ ಪ್ರಕಾರ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲೂ 48 ಗಂಟೆ ಮೊದಲು ತಿಳಿಸಿದರೆ ಕ್ಯಾಶ್‌ಲೆಸ್ ಕೇಳಬಹುದು. ಆದರೆ ಆಸ್ಪತ್ರೆಯೂ ಒಪ್ಪಬೇಕಲ್ಲ, ಅದನ್ನೇ ನಂಬಿಕೊಂಡು ಕೂರಬೇಡಿ.

ಈಗ ಪ್ರೀಮಿಯಂ. 2025ರ ಸೆಪ್ಟೆಂಬರ್ 22ರಿಂದ ಸ್ವಂತವಾಗಿ ಮಾಡಿಸುವ ಹೆಲ್ತ್ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಮೊದಲು ಶೇ. 18 ಇತ್ತು. ಕೊಟೇಷನ್‌ನಲ್ಲಿ ಜಿಎಸ್‌ಟಿ ಸಾಲು ಕಂಡರೆ ಪ್ರಶ್ನಿಸಿ. ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿಗಳು ಮೊದಲು ಐಆರ್‌ಡಿಎಐ ಜೊತೆ ಚರ್ಚಿಸಬೇಕು ಎಂದು 2025ರ ಜನವರಿಯಲ್ಲಿ ಆದೇಶ ಬಂದಿದೆ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಅರವತ್ತು ದಾಟಿದ ಅಪ್ಪ-ಅಮ್ಮನ ಪ್ರೀಮಿಯಂ ಮೇಲೆ 50,000ದವರೆಗೆ ವಿನಾಯಿತಿ ಇದೆ, ನಗದಾಗಿ ಕಟ್ಟಿದರೆ ಸಿಗುವುದಿಲ್ಲ. ತೆರಿಗೆ ಉಳಿಸಲು ಅಂತ ಮಾರ್ಚ್ ಕೊನೆಯಲ್ಲಿ ಗಡಿಬಿಡಿಯಲ್ಲಿ ಮಾತ್ರ ಪಾಲಿಸಿ ಆರಿಸಬೇಡಿ.

ಪಾಲಿಸಿ ಇಷ್ಟವಾಗದೆ ಬೇರೆ ಕಂಪನಿಗೆ ಹೋಗಬೇಕೆಂದರೆ ಪೋರ್ಟ್ ಮಾಡಿಸಿ, ಕಳೆದ ವರ್ಷಗಳ ವೇಟಿಂಗ್ ಲೆಕ್ಕಕ್ಕೆ ಬರುತ್ತದೆ. ರಿನ್ಯೂವಲ್‌ಗೆ ಕನಿಷ್ಠ 45 ದಿನ ಮೊದಲೇ ಅರ್ಜಿ ಹಾಕಿ. ಹೊಸ ಕಂಪನಿ ಒಪ್ಪಿದೆ ಎಂದು ಬರಹದಲ್ಲಿ ಬರುವವರೆಗೆ ಹಳೆಯದನ್ನು ಬಿಡಬೇಡಿ.

ಆಸ್ಪತ್ರೆಯಲ್ಲಿ

ಪ್ಲ್ಯಾನ್ ಮಾಡಿದ ಆಪರೇಷನ್ ಆದರೆ ಎರಡು ದಿನ ಮೊದಲೇ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ಗೆ ಹೋಗಿ ಪ್ರೀ-ಆಥ್ (ಕ್ಯಾಶ್‌ಲೆಸ್‌ಗೆ ಮುಂಚಿತ ಒಪ್ಪಿಗೆಯ ಮನವಿ) ಕಳಿಸಿ. ಎಮರ್ಜೆನ್ಸಿ ಆದರೆ 24 ಗಂಟೆಯೊಳಗೆ ತಿಳಿಸಿ. ಪಾಲಿಸಿ ಕಾರ್ಡ್, ಆಧಾರ್, ಹಳೇ ರಿಪೋರ್ಟ್ ಇರುವ ಫೈಲ್ ಒಂದನ್ನು ಊರ ಮನೆಯಲ್ಲೇ, ಅಪ್ಪ-ಅಮ್ಮನಿಗೆ ಗೊತ್ತಿರುವ ಜಾಗದಲ್ಲಿ ಇಡಿ. ಪಕ್ಕದ ಮನೆಯವರಿಗೂ ಗೊತ್ತಿರಲಿ. ಫೋಟೋ ನಿಮ್ಮ ಫೋನ್‌ನಲ್ಲಿರಲಿ.

ಅಡ್ಮಿಷನ್ ಹೊತ್ತಲ್ಲಿ ಜೂನಿಯರ್ ಡಾಕ್ಟರ್ ಬಂದು "ಶುಗರ್ ಎಷ್ಟು ವರ್ಷದಿಂದ?" ಎಂದು ಕೇಳುತ್ತಾರೆ. ಗಾಬರಿಯಲ್ಲಿರುವ ಚಿಕ್ಕಪ್ಪನೋ ಅಳಿಯನೋ "ಒಂದು ಹತ್ತು ವರ್ಷ ಆಗಿರಬೇಕು" ಅಂದುಬಿಡುತ್ತಾರೆ. ನಿಜವಾಗಿ ನಾಲ್ಕು ವರ್ಷ ಆಗಿರುತ್ತದೆ. ಆ ಹತ್ತು ವರ್ಷ ಕೇಸ್ ಶೀಟ್‌ಗೆ ಹೋಗುತ್ತದೆ, ಅಲ್ಲಿಂದ ಪ್ರೀ-ಆಥ್ ಫಾರ್ಮ್‌ಗೆ, ಅಲ್ಲಿಂದ ಡಿಸ್ಚಾರ್ಜ್ ಸಮ್ಮರಿಗೆ. ಇನ್ಶೂರೆನ್ಸ್ ಕಂಪನಿ ಅದನ್ನೂ ನಿಮ್ಮ ಫಾರ್ಮ್ ಅನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ಹಾಗಾಗಿ ಆ ಪ್ರಶ್ನೆಗೆ ಸರಿಯಾಗಿ ಗೊತ್ತಿರುವವರು ಮಾತ್ರ ಉತ್ತರ ಕೊಡಲಿ, ಗೊತ್ತಿಲ್ಲದಿದ್ದರೆ "ಫೈಲ್ ನೋಡಿ ಹೇಳ್ತೀನಿ" ಅನ್ನಲಿ. ಡಿಸ್ಚಾರ್ಜ್ ಸಮ್ಮರಿಯ ಡ್ರಾಫ್ಟ್ ಕೇಳಿ ಪಡೆದು ಓದಿ, ಇಸವಿ ಅಥವಾ ಎಡ-ಬಲ ತಪ್ಪಿದ್ದರೆ ಡಾಕ್ಟರ್ ಹತ್ತಿರ ಆಗಲೇ ಸರಿ ಮಾಡಿಸಿ. ಇದ್ದದ್ದನ್ನು ಇದ್ದ ಹಾಗೆ ಬರೆಸಲಿಕ್ಕೆ ಮಾತ್ರ ಈ ಮಾತು, ಇರುವ ಕಾಯಿಲೆ ಮುಚ್ಚಿಡಲು ಅಲ್ಲ.

ಮೊದಲ ಅಪ್ರೂವಲ್ ಬಿಲ್‌ಗಿಂತ ತುಂಬಾ ಕಡಿಮೆ ಬಂದರೆ ಹೆದರಬೇಡಿ. ಅದು ಶುರುವಿನ ಮೊತ್ತ, ಆಮೇಲೆ ಏರಿಸಿ ಕೊಡುತ್ತಾರೆ. ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಮನವಿಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್‌ನ ಅಂತಿಮ ಬಿಲ್‌ಗೆ ಮೂರು ಗಂಟೆಯಲ್ಲಿ ಉತ್ತರ ಕೊಡಬೇಕು. ಮೂರು ಗಂಟೆ ದಾಟಿ ಆಸ್ಪತ್ರೆ ಹೆಚ್ಚುವರಿ ಚಾರ್ಜ್ ಹಾಕಿದರೆ ಅದನ್ನು ಇನ್ಶೂರೆನ್ಸ್ ಕಂಪನಿಯೇ ಭರಿಸಬೇಕು. ಡೆಸ್ಕ್‌ನವರು ಬಿಲ್ ಕಳಿಸಿದ್ದು ಎಷ್ಟು ಗಂಟೆಗೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಎಷ್ಟೋ ಸಲ ಬಿಲ್ ಆಸ್ಪತ್ರೆಯಿಂದಲೇ ಹೊರಟಿರುವುದಿಲ್ಲ.

ಗ್ಲೌಸ್, ಮಾಸ್ಕ್, ಡೈಪರ್, ಅಡ್ಮಿಷನ್ ಚಾರ್ಜ್, ಜೊತೆಯವರ ಊಟ ಇವೆಲ್ಲ ಸಾಮಾನ್ಯವಾಗಿ ಕೊಡುವುದಿಲ್ಲ. ಕನ್ಸ್ಯೂಮಬಲ್ಸ್ ರೈಡರ್ (ಇಂಥ ಬಳಕೆ ವಸ್ತುಗಳಿಗಾಗಿ ಹೆಚ್ಚುವರಿ ಕವರ್) ಇದ್ದರೆ ಬಹುಪಾಲು ಸಿಗುತ್ತದೆ. ಸುಮ್ನೆ ಟೆಸ್ಟ್‌ಗಳಿಗಾಗಿ ಅಡ್ಮಿಟ್ ಆದರೆ ಕ್ಲೈಮ್ ಸಿಗುವುದಿಲ್ಲ.

ಕ್ಯಾಶ್‌ಲೆಸ್ ಆಗದೆ ಕೈಯಿಂದ ಕಟ್ಟಿದರೆ ಕಾಗದ ಪೂರ್ತಿ ತಗೊಂಡೇ ಹೊರಡಿ: ಡಿಸ್ಚಾರ್ಜ್ ಸಮ್ಮರಿ, ವಿವರ ಇರುವ ಅಂತಿಮ ಬಿಲ್, ಹಣ ಕಟ್ಟಿದ ರಸೀದಿ, ಪ್ರತಿ ಔಷಧಿ ಬಿಲ್‌ಗೆ ಡಾಕ್ಟರ್ ಚೀಟಿ, ಪ್ರತಿ ಟೆಸ್ಟ್ ಬಿಲ್‌ಗೆ ರಿಪೋರ್ಟ್. ಪೊರೆ ಆಪರೇಷನ್ ಆದರೆ ಲೆನ್ಸ್‌ನ ಸ್ಟಿಕ್ಕರ್, ಆಂಜಿಯೋಪ್ಲಾಸ್ಟಿ ಆದರೆ ಸ್ಟೆಂಟ್‌ನ ಸ್ಟಿಕ್ಕರ್ ಮತ್ತು ಇನ್‌ವಾಯ್ಸ್. ಈ ಸ್ಟಿಕ್ಕರ್ ಒಂದಕ್ಕೇ ಕ್ಲೈಮ್ ನಿಂತು ಮತ್ತೆ ಆಸ್ಪತ್ರೆಗೆ ಅಲೆಯುವವರನ್ನು ನೋಡಿದ್ದೇನೆ. ಎಲ್ಲಕ್ಕೂ ಒಂದು ಜೆರಾಕ್ಸ್ ಸೆಟ್ ಇಟ್ಟುಕೊಂಡು ಒರಿಜಿನಲ್ ಕೊಡಿ. ಅಡ್ಮಿಟ್ ಆಗುವ ಮೊದಲಿನ ಮತ್ತು ಮನೆಗೆ ಬಂದ ಮೇಲಿನ ಖರ್ಚಿಗೂ ಹಣ ಬರುತ್ತದೆ, 30 ಮತ್ತು 60 ದಿನ ಅಥವಾ 60 ಮತ್ತು 90 ದಿನ, ಪಾಲಿಸಿಗೆ ತಕ್ಕಂತೆ. ಮೊದಲ ಸ್ಕ್ಯಾನ್, ಆಮೇಲಿನ ಮಾತ್ರೆ ಎಲ್ಲದರ ಬಿಲ್ ಇಡಿ. ಜನ ಇದನ್ನು ಕೇಳುವುದೇ ಮರೆಯುತ್ತಾರೆ.

ಇಲ್ಲ ಅಂದರೆ

ಕ್ಲೈಮ್ ತಿರಸ್ಕರಿಸಿದರೆ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲಿ ಕೊಡಬೇಕು. ಫೋನ್‌ನಲ್ಲಿ ಹೇಳಿದ್ದನ್ನು ಒಪ್ಪಿಕೊಂಡು ಸುಮ್ಮನಾಗಬೇಡಿ. ಆ ಪತ್ರ ಇಟ್ಟುಕೊಂಡು ಮೊದಲು ಕಂಪನಿಯ ಗ್ರೀವೆನ್ಸ್ ವಿಭಾಗಕ್ಕೆ ಇಮೇಲ್ ಮಾಡಿ. ಕತೆ ಬೇಡ, ಕೋಪವೂ ಬೇಡ. ಅವರು ಹೇಳಿದ ಷರತ್ತು ಇದು, ಅದು ನಮಗೆ ಯಾಕೆ ಅನ್ವಯಿಸುವುದಿಲ್ಲ ಅನ್ನುವುದಕ್ಕೆ ದಾಖಲೆ ಇದು, ಇಷ್ಟೇ. ಕಾಯಿಲೆ ಹಳೆಯದು ಅನ್ನುತ್ತಿದ್ದರೆ, ಮೊದಲ ಸಲ ಪತ್ತೆಯಾದದ್ದು ಯಾವಾಗ ಎಂದು ಚಿಕಿತ್ಸೆ ಕೊಟ್ಟ ಡಾಕ್ಟರ್ ಹತ್ತಿರ ಬರೆಸಿ ತನ್ನಿ. ಇದರಲ್ಲೇ ಎಷ್ಟೋ ಕ್ಲೈಮ್ ಇತ್ಯರ್ಥ ಆಗುತ್ತವೆ. ಜೊತೆಗೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ಹಾಕಿ, ಅಥವಾ 155255ಕ್ಕೆ ಫೋನ್ ಮಾಡಿ.

ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ಇಂಥ ವಿವಾದ ಬಗೆಹರಿಸುವ ಅಧಿಕಾರಿಯಾದ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಹತ್ತಿರ ಹೋಗಿ. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ದೂರನ್ನು ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಫೀಸಿಲ್ಲ, ಲಾಯರ್ ಬೇಡ. 50 ಲಕ್ಷದವರೆಗಿನ ವಿವಾದ ನೋಡುತ್ತಾರೆ, ಅವರ ತೀರ್ಪನ್ನು ಕಂಪನಿ ಪಾಲಿಸಲೇಬೇಕು. ಕಂಪನಿಯ ಅಂತಿಮ ಉತ್ತರ ಬಂದು ಒಂದು ವರ್ಷದೊಳಗೆ ದೂರು ಕೊಡಬೇಕು, ಅದೇ ವಿಷಯಕ್ಕೆ ಕೋರ್ಟ್‌ನಲ್ಲೋ ಗ್ರಾಹಕರ ಆಯೋಗದಲ್ಲೋ ಆಗಲೇ ಕೇಸ್ ಹಾಕಿರಬಾರದು. ಹಾಗಾಗಿ ಮೊದಲು ಓಂಬುಡ್ಸ್‌ಮನ್, ಅಲ್ಲಿ ಆಗದಿದ್ದರೆ ಗ್ರಾಹಕರ ಆಯೋಗ, ಈ ಕ್ರಮದಲ್ಲಿ ಹೋಗಿ.